ಅಗೆದ ರಸ್ತೆ, ಬೆಳಗಿನ ಪೇಪರ್: ನನ್ನ ಅನುಭವ

ನಾನು ಕೊಡಗಿನ ಒಂದು ಸಣ್ಣ ಪೇಟೆಯಲ್ಲಿ ಪೇಪರ್ ಏಜೆಂಟ್. ಪೇಟೆ ಯಾವುದು ಅಂತ ಬರೆಯುವುದಿಲ್ಲ. ಬರೆದರೆ ಮಾತು ಯಾರ ತಪ್ಪು ಅನ್ನುವ ಕಡೆ ಹೋಗುತ್ತದೆ, ನಾನು ಹೇಳಬೇಕಾದ್ದು ಹಿಂದೆ ಉಳಿಯುತ್ತದೆ. ಬೆಳಗ್ಗೆ ನಾಲ್ಕೂವರೆಗೆ ಮೈಸೂರು ಕಡೆಯಿಂದ ಬಂಡಲ್ ಬರುತ್ತದೆ. ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿ ಜಗಲಿಯಲ್ಲಿ ಕೂತು ಪುರವಣಿ ಸೇರಿಸಿ, ಐದಕ್ಕೆ ಹೊರಟರೆ ಏಳರೊಳಗೆ 140 ಮನೆ ಮುಗಿಸಬೇಕು. ಅಂದರೆ ನನ್ನ ಅರ್ಧ ಕೆಲಸ ಕತ್ತಲಲ್ಲೇ. ಅಂಥವನ ರಸ್ತೆಯನ್ನು ಒಂದು ಜನವರಿಯಲ್ಲಿ ಒಳಚರಂಡಿಗೆ ಅಂತ ಅಗೆಯಲು ಶುರು ಮಾಡಿದರು. ಅದು ಮುಗಿಯುವ ಮೊದಲೇ ನೀರಿನ ಪೈಪಿಗೆ ಅಂತ ಇನ್ನೊಂದು ಬದಿ ಅಗೆದರು. ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಓಡಾಡಿದೆ.

ಮೊದಲ ಮೂರು ತಿಂಗಳು ನಾನು ಏನೂ ಮಾಡಲಿಲ್ಲ. ಬೈದುಕೊಂಡು ಓಡಿಸಿದೆ, ಅಷ್ಟೇ. ಏಪ್ರಿಲ್‌ನಲ್ಲಿ ಒಂದು ಸಂಜೆ ಹೂಮಳೆ ಜೋರಾಗಿ ಬಂತು. ತೋಟದವರೆಲ್ಲ ಖುಷಿಯಲ್ಲಿದ್ದರು, ಕಾಫಿ ಹೂ ಚೆನ್ನಾಗಿ ಬಿಡುತ್ತದೆ ಅಂತ. ಮರುದಿನ ಬೆಳಗ್ಗೆ ಐದೂಕಾಲಿಗೆ ಶಾಲೆ ಇಳಿಜಾರಿನಲ್ಲಿ ಬರುತ್ತಿದ್ದೆ. ರಸ್ತೆಗೆ ಅಡ್ಡಲಾಗಿ ಅಗೆದು ಮುಚ್ಚಿದ ಜಾಗ ಅದು. ಹಿಂದಿನ ದಿನ ಅದರ ಮೇಲೇ ಹೋಗಿದ್ದೆ, ಗಟ್ಟಿಯಾಗಿತ್ತು. ಅವತ್ತು ಮುಂದಿನ ಚಕ್ರ ಅದರೊಳಗೆ ಇಳಿಯಿತು. ನಾನು ಹ್ಯಾಂಡಲ್ ದಾಟಿ ಬಿದ್ದೆ. ಎಡ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ನೂರು ಪೇಪರ್ ಕೆಂಪು ಕೆಸರಲ್ಲಿ. ಎದ್ದು ಕೂತು ಟಾರ್ಚ್ ಹಾಕಿ ನೋಡಿದರೆ, ಆ ಅಡ್ಡಗುಂಡಿಯ ಮೇಲಿನ ಮಣ್ಣು ಹಪ್ಪಳದ ಹಾಗೆ ಇತ್ತು. ಕೆಳಗೆ ಪೂರ್ತಿ ಪೊಳ್ಳು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತಾಗ ಯೋಚನೆ ಮಾಡಲು ಟೈಮ್ ಸಿಕ್ಕಿತು. ನನ್ನ ಬದಲಿಗೆ ಮಗ ಪೇಪರ್ ಹಾಕುತ್ತಿದ್ದ. ಅವನಿಗೆ 19 ವರ್ಷ. ಅವನು ಹೊರಟ ಮೇಲೆ ವಾಪಸ್ ಬರುವ ತನಕ ನಾನು, ಹೆಂಡತಿ ಇಬ್ಬರೂ ಗೇಟಿನ ಹತ್ತಿರ ನಿಲ್ಲುತ್ತಿದ್ದೆವು. ಆಗ ತೀರ್ಮಾನ ಮಾಡಿದೆ, ಈ ರಸ್ತೆ ಸರಿಯಾಗುವ ತನಕ ಸುಮ್ನೆ ಕಾಯುವುದು ಆಗುವುದಿಲ್ಲ ಅಂತ.

ನಮ್ಮ ಕಡೆ ಯಾಕೆ ಹೀಗೆ ಅಂತ ಮೊದಲು ಅರ್ಥ ಮಾಡಿಕೊಳ್ಳಬೇಕು. ಕೊಡಗಿನಲ್ಲಿ ರಸ್ತೆ ಕೆಲಸಕ್ಕೆ ಸಿಗುವ ಕಾಲವೇ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಂತೂ ಬಿಸಿಲೇ ಕಾಣುವುದಿಲ್ಲ. ಒದ್ದೆ ನೆಲಕ್ಕೆ ಡಾಂಬರು ಹಿಡಿಯುವುದಿಲ್ಲ. ಹಾಗಾಗಿ ಮೇ ತಿಂಗಳಲ್ಲಿ ಅರ್ಧಕ್ಕೆ ಬಿಟ್ಟ ಗುಂಡಿ ನವೆಂಬರ್‌ವರೆಗೆ ಹಾಗೇ ಇರುತ್ತದೆ. ಮಧ್ಯೆ ವೆಟ್ ಮಿಕ್ಸ್, ಅಂದರೆ ನೀರು ಹಾಕಿ ಕಲಸಿದ ಜಲ್ಲಿಪುಡಿ, ತಂದು ಸುರಿದರೂ ಎರಡು ಜೋರು ಮಳೆಗೆ ಕೊಚ್ಚಿಕೊಂಡು ಹೋಗುತ್ತದೆ, ಜಲ್ಲಿ ಮಾತ್ರ ರಸ್ತೆ ತುಂಬಾ ಹರಡಿ ಉಳಿಯುತ್ತದೆ. ಇನ್ನೊಂದು ವಿಷಯ ಮಣ್ಣು. ಪೈಪ್ ಹಾಕಿದ ಮೇಲೆ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಹಾಕಿ, ನೀರು ಹೊಡೆದು, ಪದರ ಪದರವಾಗಿ ದಮ್ಮಸ್ಸು ಮಾಡಬೇಕು, ಅಂದರೆ ಕುಟ್ಟಿ ಗಟ್ಟಿ ಮಾಡಬೇಕು. ಜೆಸಿಬಿಯಲ್ಲಿ ಒಂದೇ ಸಲ ತಳ್ಳಿ, ಅದರ ಬಕೆಟ್‌ನಿಂದ ಎರಡು ಸಲ ಕುಟ್ಟಿ ಹೋದರೆ ಮೇಲೆ ಮಾತ್ರ ಗಟ್ಟಿ ಕಾಣುತ್ತದೆ. ಬಿಸಿಲಲ್ಲಿ ಅದು ಮೋಸ ಮಾಡುವುದಿಲ್ಲ. ಮೊದಲ ಮಳೆಗೆ ಕೂರುತ್ತದೆ. ಆದ್ದರಿಂದ ಕಾಣುವ ಗುಂಡಿಗಿಂತ ಮುಚ್ಚಿದ ಗುಂಡಿಗೇ ಜಾಸ್ತಿ ಹೆದರಬೇಕು ಅಂತ ನನಗೆ ಅನಿಸಿದೆ.

ಕೈ ಸರಿಯಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಸಂಜೆ ನಡೆಯುವುದು. ದಿನಾ ಐದೂವರೆಗೆ, ಕೆಲಸದವರು ಎದ್ದು ಹೋಗುವ ಹೊತ್ತಿಗೆ, ಮರುದಿನ ಬೆಳಗ್ಗೆ ಗಾಡಿ ಓಡಿಸಬೇಕಾದ ದಾರಿಯನ್ನು ಪೂರ್ತಿ ನಡೆದು ನೋಡುತ್ತಿದ್ದೆ. ಮುಕ್ಕಾಲು ಗಂಟೆ ಬೇಕು. ಕೈಯಲ್ಲಿ ಒಂದು ಬಿದಿರು ಕೋಲು, ಅದಕ್ಕೆ ಅರ್ಧ ಅಡಿಗೊಂದು ಕೆಂಪು ಟೇಪ್ ಸುತ್ತಿದ್ದೆ. ನೀರು ನಿಂತ ಹೊಂಡಕ್ಕೆ ಕೋಲು ಇಳಿಸಿದರೆ ಎಷ್ಟು ಆಳ ಅಂತ ಗೊತ್ತಾಗುತ್ತದೆ. ಮುಚ್ಚಿದ ಜಾಗದಲ್ಲಿ ಕುಟ್ಟಿ ನೋಡುತ್ತಿದ್ದೆ. ಗಟ್ಟಿ ನೆಲದ ಸದ್ದೇ ಬೇರೆ, ಪೊಳ್ಳು ಮಣ್ಣಿನ ಸದ್ದೇ ಬೇರೆ. ಹತ್ತು ದಿನ ಕುಟ್ಟಿದರೆ ಕಿವಿಗೆ ಅಭ್ಯಾಸ ಆಗುತ್ತದೆ. ಅಗೆಯುವ ಊರಲ್ಲಿ ನಿನ್ನೆಯ ರಸ್ತೆ ಇವತ್ತು ಇರುವುದಿಲ್ಲ, ನಾವು ಮಾತ್ರ ನಿನ್ನೆಯ ನೆನಪಲ್ಲೇ ಗಾಡಿ ಓಡಿಸುತ್ತೇವೆ. ನಾನು ಬಿದ್ದದ್ದೂ ಹಾಗೇ ಅಲ್ವಾ.

ನಡೆಯುವಾಗ ಸಿಕ್ಕಿದ ದೊಡ್ಡ ಲಾಭ ಮೇಸ್ತ್ರಿಯ ಪರಿಚಯ. ಅವರು ಉತ್ತರ ಕರ್ನಾಟಕದ ಕಡೆಯವರು, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದು ಶೆಡ್ಡಿನಲ್ಲಿದ್ದರು. ಮೊದಲು ನಾನೂ ಎಲ್ಲರ ಹಾಗೆ ಅವರ ಮೇಲೆ ಕೂಗಾಡಿದವನೇ. ಆಮೇಲೆ ಒಂದು ಸಂಜೆ ಟೀ ಕುಡಿಯುತ್ತಾ, ‘ಅಣ್ಣಾ, ನಾಳೆ ಎಲ್ಲಿ ಅಗೀತೀರಿ?’ ಅಂತ ಕೇಳಿದೆ. ಅವರು ನಕ್ಕು, ‘ಇಷ್ಟು ದಿನದಾಗ ಇದನ್ನ ಕೇಳಿದವ್ರು ನೀವೊಬ್ಬರೇ ನೋಡ್ರಿ’ ಅಂದರು. ಅವತ್ತಿನಿಂದ ದಿನಾ ಹೇಳುತ್ತಿದ್ದರು. ನಾಳೆ ಮಸೀದಿ ರಸ್ತೆ, ನಾಡಿದ್ದು ಆಸ್ಪತ್ರೆ ತಿರುವು, ಶುಕ್ರವಾರ ಕೆಲಸ ಇಲ್ಲ. ಅದನ್ನು ನಾನು ಫೋಟೋ ಜೊತೆ ನಮ್ಮ ಬಡಾವಣೆಯ ವಾಟ್ಸಾಪ್‌ಗೆ ಹಾಕುತ್ತಿದ್ದೆ. ಆಟೋದವರು, ಹಾಲು ಹಾಕುವವರು, ಶಾಲಾ ವ್ಯಾನಿನವರು, ಎಲ್ಲರಿಗೂ ಅದು ಬೇಕಾಗಿತ್ತು. ಫೋಟೋ ಹಾಕುವಾಗ ಒಂದು ಮಾತು ನೆನಪಿಡಿ, ಗುಂಡಿಯನ್ನು ಮಾತ್ರ ಹತ್ತಿರದಿಂದ ತೆಗೆದರೆ ಯಾವ ಗುಂಡಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದ ಅಂಗಡಿ ಬೋರ್ಡೋ ಕರೆಂಟ್ ಕಂಬವೋ ಫೋಟೋದಲ್ಲಿ ಬರಬೇಕು.

ಗಾಡಿಯನ್ನೂ ಬದಲಾಯಿಸಿದೆ. ನನ್ನ ಸ್ಕೂಟರಿನ ಚಕ್ರ 10 ಇಂಚು. ಅಗೆದ ಗುಂಡಿಯ ಅಂಚಿಗೆ ಅಂಥ ಚಕ್ರ ಪೂರ್ತಿ ಇಳಿದುಬಿಡುತ್ತದೆ. ತಮ್ಮನ ಹಳೇ ಟಿವಿಎಸ್ ಎಕ್ಸ್‌ಎಲ್ ಮೂಲೆಯಲ್ಲಿ ಬಿದ್ದಿತ್ತು, ಅದರ ಚಕ್ರ 16 ಇಂಚು. ರಿಪೇರಿಗೆ 3,200 ರೂಪಾಯಿ ಆಯಿತು. ಅದೇ ಗುಂಡಿಯನ್ನು ಅದು ಹತ್ತಿ ದಾಟುತ್ತದೆ, ಸ್ಪೀಡೂ ಕಮ್ಮಿ, ಭಾರವೂ ಕಮ್ಮಿ, ಮುಂದೆ ಬಂಡಲ್ ಇಡಲು ಜಾಗ ಇದೆ. ಓಡಿಸುವುದರಲ್ಲಿ ಎರಡು ವಿಷಯ ಕಲಿತೆ. ರಸ್ತೆಗೆ ಅಡ್ಡಲಾಗಿರುವ ಗುಂಡಿಯನ್ನು ಓರೆಯಾಗಿ ದಾಟಬಾರದು, ನೇರವಾಗಿ ದಾಟಬೇಕು. ಬ್ರೇಕ್ ಹಿಡಿಯುವುದಾದರೆ ಗುಂಡಿಗೆ ಮೊದಲೇ ಹಿಡಿದು, ಗುಂಡಿಯೊಳಗೆ ಇಳಿಯುವಾಗ ಬಿಟ್ಟಿರಬೇಕು. ಮಂಜು ಬಂದಾಗ ಡಿಮ್ ಲೈಟೇ ಸರಿ, ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ನಿಂತ ಹಾಗೆ ಆಗುತ್ತದೆ.

ಹೇಳಲೇಬೇಕಾದ್ದು ನಮ್ಮ ಮೇಲಿನ ಓಣಿಯ ಕತೆ. ಅಲ್ಲಿ 14 ಮನೆ, ಒಂದು ಬದಿ ಬರೆ (ಕಡಿದಾದ ಮಣ್ಣಿನ ದಿಬ್ಬ), ಇನ್ನೊಂದು ಬದಿ ಮನೆಗಳ ಗೇಟು. ಮೇ ಕೊನೆಗೆ ಗೇಟುಗಳ ಮುಂದೆಯೇ ಉದ್ದಕ್ಕೆ ಅಗೆದರು. ಎರಡು ಅಡಿ ಅಗಲ, ಎದೆಮಟ್ಟ ಆಳ. ಪೈಪ್ ಬರಲಿಲ್ಲ, ಮಳೆ ಬಂತು. ಮನೆಯಿಂದ ರಸ್ತೆಗೆ ಬರಬೇಕಾದರೆ ಹಾರಬೇಕು. ಮೂರನೇ ಮನೆಯಲ್ಲಿ 80 ದಾಟಿದ ಒಬ್ಬ ಅಜ್ಜಿ ಇದ್ದಾರೆ, ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗಬೇಕು. ಅವರ ಸೊಸೆ ಒಂದು ದಿನ ಪೇಪರ್ ತೆಗೆದುಕೊಳ್ಳುವಾಗ, ‘ಅಣ್ಣಾ, ಅತ್ತೆಯನ್ನ ಹೇಗೆ ದಾಟಿಸೋದು ಅಂತಾನೇ ತಿಳೀತಿಲ್ಲ’ ಅಂತ ಕಣ್ಣಲ್ಲಿ ನೀರು ಹಾಕಿಕೊಂಡರು.

ಅವತ್ತೇ ಮಧ್ಯಾಹ್ನ ಪರಿಚಯದ ತೋಟದವರ ಹತ್ತಿರ ಹೋಗಿ ಸಿಲ್ವರ್ ಓಕ್ ಹಲಗೆ ಕೇಳಿದೆ. ಎರಡು ಇಂಚು ದಪ್ಪದ್ದು ಆರು ಹಲಗೆ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಮೂರು ಮೂರು ಸೇರಿಸಿ ಕೆಳಗೆ ಅಡ್ಡಪಟ್ಟಿ ಹೊಡೆದು ಎರಡು ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಮಾಡಿದೆವು. ಗುಂಡಿ ಎರಡೇ ಅಡಿ ಆದರೂ ಹಲಗೆ ಆರು ಅಡಿ ಇಟ್ಟೆವು, ಯಾಕೆಂದರೆ ಅಂಚಿನ ಮಣ್ಣು ಮಳೆಗೆ ಕುಸಿಯುತ್ತದೆ, ಹಲಗೆಯ ತುದಿ ಅಂಚಿನಿಂದ ದೂರದಲ್ಲಿ ಗಟ್ಟಿ ನೆಲದ ಮೇಲೆ ಕೂರಬೇಕು. ಮೊದಲ ವಾರ ಚೆನ್ನಾಗಿತ್ತು. ಎರಡನೇ ವಾರ ಹಲಗೆ ಮೇಲೆ ಪಾಚಿ. ಹುಡುಗನೊಬ್ಬ ಜಾರಿ ಕೂತ, ಪುಣ್ಯಕ್ಕೆ ಒಳಗೆ ಬೀಳಲಿಲ್ಲ. ಆಗ ಹಳೇ ಕಾಫಿ ಚೀಲ, ಗೋಣಿಯದ್ದು, ಹಲಗೆಯ ಮೇಲೆ ಎಳೆದು ಬಿಗಿದು ಬದಿಗಳಿಗೆ ಮೊಳೆ ಹೊಡೆದೆವು. ಗೋಣಿ ಎಷ್ಟೇ ನೆನೆದರೂ ಕಾಲು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲ ಹಾಕಬೇಡಿ, ಅದು ಪಾಚಿಗಿಂತ ಕೆಟ್ಟದು. ತಿಂಗಳಿಗೊಮ್ಮೆ ಗೋಣಿ ಕೊಳೆಯುತ್ತದೆ, ಬದಲಾಯಿಸಬೇಕು. ಒಂದು ಬದಿಗೆ ಬಿದಿರು ಕಟ್ಟಿ ಕೈಹಿಡಿ ಮಾಡಿದೆವು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ಒಬ್ಬರು ಹಿಂದೆ ಒಬ್ಬರು ಹಿಡಿದು ಆ ಸಂಕದ ಮೇಲೆ ದಾಟಿಸುತ್ತಿದ್ದರು. ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳು ಅವರು ಒಂದು ಸಲವೂ ಆಸ್ಪತ್ರೆ ತಪ್ಪಿಸಲಿಲ್ಲ. ಆ ಓಣಿಯ ಪೇಪರನ್ನು ನಾನು ಮನೆಮನೆಗೆ ಹಾಕುವುದು ಬಿಟ್ಟು, ತುದಿಯಲ್ಲಿ ಒಂದು ಮುಚ್ಚಳದ ಡಬ್ಬಿ ಕಟ್ಟಿ ಅದರಲ್ಲಿ ಇಡುತ್ತಿದ್ದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಅಗೆದ ಗುಂಡಿಯಲ್ಲಿ ನೀರು ನಿಂತರೆ ಎದುರಿನ ಬರೆಗೂ ಅಪಾಯ. 2018ರ ಆಗಸ್ಟ್ ನೋಡಿದ ನಮಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ. ಜೋಡುಪಾಲ, ಮದೆನಾಡು, ಮಕ್ಕಂದೂರು ಕಡೆ ಗುಡ್ಡ ಕುಸಿದಿತ್ತು, ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಬಂದ್ ಆಗಿತ್ತು. 2024ರ ಜುಲೈನಲ್ಲೂ ಅದೇ ದಾರಿಯಲ್ಲಿ ರಾತ್ರಿ ಓಡಾಟ ನಿಲ್ಲಿಸಿದ್ದರು. ಹಾಗಾಗಿ ಓಣಿಯಲ್ಲಿ ಮಳೆ ಜೋರಾದ ದಿನ ನಾವೇ ಗುದ್ದಲಿ ಹಿಡಿದು ನೀರು ಮೋರಿ ಕಡೆ ತಿರುಗಿಸುತ್ತಿದ್ದೆವು. ಬರೆಯಲ್ಲಿ ಬಿರುಕು ಕಂಡರೆ, ಕೆಂಪು ನೀರು ಬರಲು ಶುರುವಾದರೆ ಕಾಯಬಾರದು. ಜಿಲ್ಲಾ ಕಂಟ್ರೋಲ್ ರೂಮಿನ ನಂಬರ್ 1077, ಅದನ್ನು ಪ್ರತಿ ಮನೆಯ ಕ್ಯಾಲೆಂಡರ್ ಮೇಲೆ ನಾನೇ ಬರೆದುಕೊಟ್ಟಿದ್ದೆ.

ಇನ್ನು ಈ ಕಾಮಗಾರಿಯ ಕಚೇರಿ. ನಾಲ್ಕು ಸಲ ಹೋದೆ. ‘ರಸ್ತೆ ಹಾಳಾಗಿದೆ’ ಅಂತ ಹೇಳಿದರೆ ‘ಮಳೆ ನಿಲ್ಲಲಿ’ ಅನ್ನುವ ಉತ್ತರ. ಐದನೇ ಸಲ ನನ್ನ ನೋಟ್‌ಬುಕ್ ತೆಗೆದುಕೊಂಡು ಹೋದೆ. ಯಾವ ಕಂಬದ ಹತ್ತಿರ, ಎಷ್ಟು ಉದ್ದ, ಎಷ್ಟು ಆಳ, ಯಾವತ್ತಿನಿಂದ, ಅಲ್ಲಿ ಯಾವತ್ತು ಯಾರು ಬಿದ್ದರು, ಎಲ್ಲ ತಾರೀಕು ಸಮೇತ ಇತ್ತು. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಸಹಿ ಹಾಕಿಸಿಕೊಂಡು ಬಂದೆ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಕಾಮಗಾರಿಯ ಎಸ್ಟಿಮೇಟ್, ಅಂದರೆ ಖರ್ಚಿನ ಅಂದಾಜು ಪಟ್ಟಿಯ ಪ್ರತಿ ಕೇಳಿದೆ. ಅರ್ಜಿಯ ಶುಲ್ಕಕ್ಕೆ 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ನಾನು ಮೊದಲು ಎರಡು ಪುಟ ಬರೆದಿದ್ದೆ, ಪರಿಚಯದ ಮೇಷ್ಟ್ರು ಒಬ್ಬರು ಓದಿ ಏಳು ಸಾಲಿಗೆ ಇಳಿಸಿದರು. 30 ದಿನದ ಒಳಗೆ ಪ್ರತಿ ಕೈಗೆ ಬಂತು. ಅದರಲ್ಲಿ ಬ್ಯಾರಿಕೇಡ್, ರಾತ್ರಿ ಕೆಂಪು ದೀಪ, ಪದರ ಪದರವಾಗಿ ಮಣ್ಣು ತುಂಬುವುದು, ಎಲ್ಲದಕ್ಕೂ ದುಡ್ಡು ಇಟ್ಟಿತ್ತು. ನನಗೆ ಸಿಟ್ಟು ಬಂದದ್ದು ಆಗ. ಇಷ್ಟು ಜನ ಬಿದ್ದದ್ದು ದುಡ್ಡಿಲ್ಲದೆ ಅಲ್ಲ.

ಆ ಪುಟವನ್ನು ಹಿಡಿದುಕೊಂಡು ನಾವು ಹನ್ನೊಂದು ಜನ ಹೋದೆವು. ಓಣಿಯ ಸೊಸೆಯಂದಿರು, ಆಟೋದ ಇಬ್ಬರು, ನಾನು. ಯಾರೂ ಕೂಗಾಡಲಿಲ್ಲ, ಪುಟ ತೋರಿಸಿ ಕೇಳಿದೆವು. ಮೂರು ದಿನದಲ್ಲಿ ಬ್ಯಾರಿಕೇಡ್ ಬಂತು, ಪ್ರತಿಫಲಿಸುವ ಟೇಪ್ ಬಂತು. ದೀಪ ಬರಲಿಲ್ಲ. ಓಣಿಯ ಪೈಪ್ ಸೆಪ್ಟೆಂಬರ್ ಮಧ್ಯಕ್ಕೆ ಬಂತು. ಮಣ್ಣು ಮುಚ್ಚುವ ದಿನ ನಾನು ಬೆಳಗ್ಗಿನಿಂದ ಅಲ್ಲೇ ನಿಂತಿದ್ದೆ. ಮೇಸ್ತ್ರಿ ನನ್ನನ್ನು ನೋಡಿ ತಾವಾಗೇ ದಮ್ಮಸ್ಸು ಮಾಡುವ ಮೆಷಿನ್ ತರಿಸಿದರು.

ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಡಾಂಬರು ಆಯಿತು. ಓಣಿಯ ರಸ್ತೆ ಈಗಲೂ ಗಟ್ಟಿಯಾಗಿದೆ. ಶಾಲೆ ಇಳಿಜಾರಿನಲ್ಲಿ ನಾನು ಬಿದ್ದ ಜಾಗದಲ್ಲಿ ಮಾತ್ರ ಡಾಂಬರಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಬಿಟ್ಟಿದೆ, ಎರಡು ಬೆರಳು ತಗ್ಗಾಗಿದೆ. ಹೋದ ವಾರ ಕೋಲಿನಿಂದ ಕುಟ್ಟಿ ನೋಡಿದೆ, ಸದ್ದು ಚೆನ್ನಾಗಿಲ್ಲ. ಫೋಟೋ ತೆಗೆದು, ಅಳತೆ ಬರೆದು, ಸೋಮವಾರ ಅರ್ಜಿ ಕೊಟ್ಟು ಬಂದಿದ್ದೇನೆ. ಸಂಕ ಎರಡೂ ನಮ್ಮ ಮನೆ ಹಿಂದೆ ಒಲೆಗೆ ಹಾಕದೆ ಒಣಗಿಸಿ ಇಟ್ಟಿದ್ದೇವೆ, ಬೇಕಾದವರು ಬಂದು ತೆಗೆದುಕೊಂಡು ಹೋಗಬಹುದು.