ಜರ್ಮ್ ಟ್ಯೂಬ್ ಟೆಸ್ಟ್: ಯೀಸ್ಟ್‌ಗೆ ಮೈಯ ಸುಳಿವು ಕೊಟ್ಟು ನೋಡುವ ಬಗೆ

ನಮ್ಮ ಮೈಕ್ರೋಬಯಾಲಜಿ ಲ್ಯಾಬಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಜರ್ಮ್ ಟ್ಯೂಬ್ ಟೆಸ್ಟ್, ಅಂದರೆ ರೋಗಿಯಿಂದ ಬಂದ ಯೀಸ್ಟ್ ಕ್ಯಾಂಡಿಡಾ ಆಲ್ಬಿಕನ್ಸ್ ಹೌದೋ ಅಲ್ಲವೋ ಅಂತ ನೋಡುವ ಪರೀಕ್ಷೆ, ಬಾಯಿಪಾಠ ಬರುತ್ತದೆ. ಅರ್ಧ ಎಂಎಲ್ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ), ಸ್ವಲ್ಪ ಕಾಲೊನಿ (ಪ್ಲೇಟಿನ ಮೇಲೆ ಬೆಳೆದ ಯೀಸ್ಟ್ ಗುಪ್ಪೆ), 37 ಡಿಗ್ರಿ, ಎರಡು ಗಂಟೆ. ಸ್ವಲ್ಪ ಅಂದರೆ ಎಷ್ಟು, ಯಾಕೆ ಸ್ವಲ್ಪವೇ ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದಕ್ಕೇ ಮಾಡುವ ವಿಧಾನವನ್ನೂ ಅದರ ಹಿಂದಿನ ಕಾರಣವನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ.

ಈ ಟೆಸ್ಟಿಗೆ ಬಣ್ಣ ಬೇಡ, ಕಿಟ್ ಬೇಡ. ಕ್ಯಾಂಡಿಡಾ ಆಲ್ಬಿಕನ್ಸ್‌ಗೆ ನೀನೀಗ ಮನುಷ್ಯನ ಮೈಯೊಳಗಿದ್ದೀಯ ಅನ್ನುವ ಸುಳಿವು ಕೊಡುತ್ತೇವೆ, ಅಷ್ಟೇ. ಅದು ನಂಬಿದರೆ ದುಂಡಗಿನ ಜೀವಕೋಶದಿಂದ ಎಳೆ ಹೊರಡುತ್ತದೆ. ಈ ಎಳೆಯೇ ಜರ್ಮ್ ಟ್ಯೂಬ್. ರಕ್ತ ತಾಗಿದರೆ ಈ ಯೀಸ್ಟ್ ಎಳೆ ಬಿಡುತ್ತದೆ ಅಂತ ರೆನಾಲ್ಡ್ಸ್ ಮತ್ತು ಬ್ರೌಡಿ ಎಂಬ ಸಂಶೋಧಕರು 1956ರಲ್ಲೇ ಬರೆದಿದ್ದರು. ಹೇಗೆ ಅನ್ನುವುದು ತಿಳಿಯಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಮೊದಲು ಕಾಲೊನಿ. ಶಿಲೀಂಧ್ರ ಬೆಳೆಸುವ ಸಬೂರೋ ಅಗಾರ್ ಮೇಲೆ 24ರಿಂದ 48 ಗಂಟೆ ಬೆಳೆದದ್ದಿರಲಿ. ಫ್ರಿಜ್ಜಿನಲ್ಲಿ ವಾರಗಟ್ಟಲೆ ಕೂತ ಪ್ಲೇಟಿನಿಂದ ತೆಗೆಯಬೇಡಿ. ಸಬೂರೋ ಅಗಾರ್‌ನ ಪಿಎಚ್ ಸುಮಾರು 5.6, ಅಂದರೆ ಹುಳಿ ಜಾಸ್ತಿ. ಗ್ಲೂಕೋಸೂ ಧಾರಾಳ. ಅಲ್ಲಿ ಯೀಸ್ಟ್ ಹಾಯಾಗಿ ಮೊಗ್ಗು ಬಿಡುತ್ತಾ ಕೆನೆಯಂಥ ಕಾಲೊನಿ ಕಟ್ಟುತ್ತದೆ. ಸೀರಮಿಗೆ ಹಾಕಿದ ತಕ್ಷಣ ಪಿಎಚ್ 7ರ ಮೇಲಾಯಿತು. ಆಗ ರಿಮ್101 ಅನ್ನುವ ಪ್ರೋಟೀನಿನ ಬಾಲ ಕತ್ತರಿಸಿಹೋಗಿ ಅದು ಕೆಲಸಕ್ಕಿಳಿಯುತ್ತದೆ, ಹೊರಗೆ ಹುಳಿ ಹೋಯಿತು ಅಂತ ಜೀನುಗಳಿಗೆ ಸುದ್ದಿ ಮುಟ್ಟಿಸುತ್ತದೆ.

ಈ ಪಿಎಚ್ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗವೊಂದಿದೆ. ಆಲ್ಬಿಕನ್ಸ್ ಹತ್ತಿರ ಕೋಶಗೋಡೆ ಕಟ್ಟಲು ಬೇಕಾದ ಎರಡು ಜೀನುಗಳಿವೆ. ಪಿಎಚ್‌ಆರ್1 ಹುಳಿಯಿಲ್ಲದ ಕಡೆ ಓಡುತ್ತದೆ, ಪಿಎಚ್‌ಆರ್2 ಹುಳಿಯಿರುವ ಕಡೆ. 1998ರಲ್ಲಿ ಒಂದೊಂದನ್ನೇ ತೆಗೆದುಹಾಕಿ ಪ್ರಾಣಿಗಳಲ್ಲಿ ನೋಡಿದರು. ಪಿಎಚ್‌ಆರ್1 ಇಲ್ಲದ ಯೀಸ್ಟ್‌ಗೆ ಇಲಿಯ ರಕ್ತದಲ್ಲಿ ರೋಗ ತರಲು ಆಗಲಿಲ್ಲ, ಯೋನಿಯಲ್ಲಿ ಮಾತ್ರ ಆರಾಮಾಗಿ ಬೆಳೆಯಿತು. ಪಿಎಚ್‌ಆರ್2 ಇಲ್ಲದ್ದು ಸರಿಯಾಗಿ ಇದರ ಉಲ್ಟಾ. ಒಂದೇ ಯೀಸ್ಟ್, ಜಾಗ ನೋಡಿ ಬೇರೆ ಬೇರೆ ಜೀನು ತೆಗೆಯುತ್ತದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಈಗ ಟ್ಯೂಬು. ಸಣ್ಣ ಟ್ಯೂಬಿಗೆ ಅರ್ಧ ಎಂಎಲ್ ಸೀರಮ್ ಹಾಕಿ. ಕುದುರೆಯದೋ, ಕರುವಿನದೋ ಸಿಕ್ಕರೆ ಅದೇ ವಾಸಿ. ಮನುಷ್ಯರ ಸೀರಮ್ ಬಳಸಲೇಬೇಕಾದರೆ ಎಚ್‌ಐವಿ, ಹೆಪಟೈಟಿಸ್ ತಪಾಸಣೆ ಆಗಿರಬೇಕು. ರೋಗಿ ಶಿಲೀಂಧ್ರದ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅವರ ಸೀರಮ್ ಖಂಡಿತ ಬೇಡ.

ಸೀರಮಿನಲ್ಲಿ ಯೀಸ್ಟ್ ಗುರುತಿಸುವುದು ಏನನ್ನು? ಯಾವುದೋ ಪ್ರೋಟೀನ್ ಇರಬೇಕು ಅಂತ ಬಹಳ ಜನ ಹುಡುಕಿದರು. 2008ರಲ್ಲಿ ಗೊತ್ತಾದದ್ದು ಬೇರೆಯೇ. ಬ್ಯಾಕ್ಟೀರಿಯಾದ ಕೋಶಗೋಡೆಯಿಂದ ಉದುರಿದ ಮುರಾಮಿಲ್ ಪೆಪ್ಟೈಡ್ ಎಂಬ ಚೂರುಗಳು ಸೀರಮಿನಲ್ಲಿ ಇರುತ್ತವೆ. ಅವು ಯೀಸ್ಟ್ ಒಳಗಿನ ಸೈಆರ್1 ಕಿಣ್ವಕ್ಕೆ ನೇರವಾಗಿ ಅಂಟುತ್ತವೆ. ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದರೂ ಇದೇ ಕಿಣ್ವಕ್ಕೆ ಚುರುಕು ಬರುತ್ತದೆ. ಸೈಆರ್1 ಸೈಕ್ಲಿಕ್ ಎಎಂಪಿ ಎಂಬ ಸುದ್ದಿ ಒಯ್ಯುವ ಅಣುವನ್ನು ತಯಾರಿಸುತ್ತದೆ, ಅದು ಪಿಕೆಎ ಅನ್ನುವ ಇನ್ನೊಂದು ಕಿಣ್ವವನ್ನು ಬಿಡಿಸುತ್ತದೆ, ಪಿಕೆಎ ಹೋಗಿ ಇಎಫ್‌ಜಿ1 ಎಂಬ ಪ್ರೋಟೀನನ್ನು ತಟ್ಟುತ್ತದೆ. ಎಳೆ ಬೆಳೆಸುವ ಜೀನುಗಳು ಅಲ್ಲಿಂದ ಶುರು.

ಕಾಲೊನಿ ಎಷ್ಟು ಹಾಕಬೇಕು? ಎಲ್ಲರೂ ಎಡವುವುದು ಇಲ್ಲೇ. ಲೂಪ್ ಎಂಬ ತಂತಿಯ ತುದಿಯಿಂದ ಕಾಲೊನಿಯನ್ನು ಮುಟ್ಟಿದರೆ ಸಾಕು. ಸೀರಮಿನಲ್ಲಿ ಕಲಕಿದ ಮೇಲೆ ತುಸು ಮಬ್ಬಾಗಬೇಕು, ಹಾಲಿನಂತೆ ಆಗಬಾರದು. ಜಾಸ್ತಿ ಹಾಕಿದರೆ ಬೇಗ ಪಾಸಿಟಿವ್ ಬರುತ್ತದೆ ಅಂತ ಹುಡುಗರು ಅಂದುಕೊಂಡಿರುತ್ತಾರೆ. ಆಗುವುದು ತದ್ವಿರುದ್ಧ. ಈ ಯೀಸ್ಟ್ ಬೆಳೆಯುತ್ತಾ ಫಾರ್ನೆಸಾಲ್ ಎಂಬ ರಾಸಾಯನಿಕವನ್ನು ಹೊರಗೆ ಬಿಡುತ್ತದೆ. 2001ರಲ್ಲಿ ಇದು ಪತ್ತೆಯಾಯಿತು. ಎಂಎಲ್‌ಗೆ ಸುಮಾರು 10 ಲಕ್ಷ ಕೋಶ ದಾಟಿದರೆ ಫಾರ್ನೆಸಾಲ್ ಸಾಕಷ್ಟು ಸೇರಿ, ಇಲ್ಲಿ ಜನ ಜಾಸ್ತಿಯಾದರು, ಎಳೆ ಬೇಡ ಅನ್ನುವ ಸಂದೇಶವಾಗುತ್ತದೆ. ಅದು ಸೈಆರ್1ನ ಕೆಲಸ ತಗ್ಗಿಸುತ್ತದೆ. ಎಳೆಯ ಜೀನುಗಳನ್ನು ಮುಚ್ಚಿಟ್ಟಿರುವ ಎನ್‌ಆರ್‌ಜಿ1 ಎಂಬ ಪ್ರೋಟೀನ್ ಕರಗದಂತೆಯೂ ನೋಡಿಕೊಳ್ಳುತ್ತದೆ. ನಿಜವಾದ ಆಲ್ಬಿಕನ್ಸ್ ಇದ್ದೂ ನೆಗೆಟಿವ್ ಅಂತ ರಿಪೋರ್ಟ್ ಹೋಗುವುದಕ್ಕೆ ಮುಖ್ಯ ದಾರಿ ಇದೇ. ನೆಗೆಟಿವ್ ಬಂದು ಅನುಮಾನವಾದರೆ ಇನ್ನೂ ತೆಳ್ಳಗೆ ಹಾಕಿ ಮತ್ತೆ ನೋಡಿ.

ಹೋಲಿಸಿ ನೋಡಲು ಪಕ್ಕದಲ್ಲೇ ಎರಡು ಕಂಟ್ರೋಲ್ ಟ್ಯೂಬ್ ಇಡಿ. ಗೊತ್ತಿರುವ ಆಲ್ಬಿಕನ್ಸ್ ಒಂದು, ಜರ್ಮ್ ಟ್ಯೂಬ್ ಬಿಡದ ಇನ್ನೊಂದು ಕ್ಯಾಂಡಿಡಾ ಜಾತಿಯಾದ ಟ್ರಾಪಿಕಾಲಿಸ್ ಒಂದು. ಇದಕ್ಕೆ ವಾದ ಬೇಡ.

37 ಡಿಗ್ರಿ ಅಂದರೆ 37 ಡಿಗ್ರಿಯೇ. ಕರೆಂಟು ಹೋಗಿ ಇನ್‌ಕ್ಯುಬೇಟರ್ 30ಕ್ಕೆ ಇಳಿದಿದ್ದರೆ ಆ ಟೆಸ್ಟನ್ನು ಕೈಬಿಡಿ. ತಂಪಿನಲ್ಲಿ ಎಚ್‌ಎಸ್‌ಪಿ90 ಎಂಬ ಪ್ರೋಟೀನ್ ಸೈಕ್ಲಿಕ್ ಎಎಂಪಿ ದಾರಿಗೆ ಬ್ರೇಕ್ ಹಾಕಿ ಕೂತಿರುತ್ತದೆ. ಅದರ ದಿನದ ಕೆಲಸ ಬೇರೆ ಪ್ರೋಟೀನುಗಳ ಮಡಿಕೆ ಸರಿಯಾಗಿಡುವುದು. ಬಿಸಿ ಏರಿದರೆ ಮಡಿಕೆ ಕೆಡುವ ಪ್ರೋಟೀನುಗಳು ಹೆಚ್ಚುತ್ತವೆ, ಎಚ್‌ಎಸ್‌ಪಿ90ಗೆ ಆ ಕಡೆಯೇ ಕೈತುಂಬ ಕೆಲಸ, ಬ್ರೇಕ್ ಸಡಿಲವಾಗುತ್ತದೆ. ಇದು 2009ರಲ್ಲಿ ತಿಳಿಯಿತು. ಯೀಸ್ಟ್ ಜ್ವರ ಅಳೆಯುವುದು ಹೀಗೆ ನೋಡಿ!

ಎರಡು ಗಂಟೆಗೆ ತೆಗೆದು ನೋಡಿ, ಬರದಿದ್ದರೆ ಮೂರು ಗಂಟೆವರೆಗೆ ಬಿಡಿ. ಅದಕ್ಕಿಂತ ಮುಂದೆ ಹೋಗಬೇಡಿ. ಸೀರಮಿಗೆ ಹಾಕಿ ಊಟ ಮುಗಿಸಿ, ಹರಟೆ ಮುಗಿಸಿ ಬಂದರೆ ಅಷ್ಟರಲ್ಲಿ ಟ್ರಾಪಿಕಾಲಿಸ್ ಕೂಡ ಎಳೆಯಂಥದ್ದನ್ನು ಬಿಟ್ಟು ನಿಮ್ಮನ್ನು ಏಮಾರಿಸುತ್ತದೆ. ನಮ್ಮ ದೇಶದ ಐಸಿಯುಗಳಲ್ಲಿ ಟ್ರಾಪಿಕಾಲಿಸ್ ತುಂಬಾ ಸಿಗುತ್ತದೆ, ಆದ್ದರಿಂದ ಇದು ಪುಸ್ತಕದ ಮಾತಲ್ಲ.

ಒಂದು ಹನಿ ಸ್ಲೈಡಿಗೆ ಹಾಕಿ, ಕವರ್‌ಸ್ಲಿಪ್ ಮುಚ್ಚಿ, 10ಎಕ್ಸ್‌ನಲ್ಲಿ ಹುಡುಕಿ 40ಎಕ್ಸ್‌ನಲ್ಲಿ ಖಚಿತ ಮಾಡಿ. ನೋಡಬೇಕಾದ್ದು ಉದ್ದವನ್ನಲ್ಲ, ಬುಡವನ್ನು. ಜರ್ಮ್ ಟ್ಯೂಬ್ ತಾಯಿಕೋಶದಿಂದ ಹೊರಡುವ ಕಡೆ ಇಕ್ಕಟ್ಟು ಇರುವುದಿಲ್ಲ, ಎರಡು ಬದಿಯೂ ನೇರ. ಟ್ರಾಪಿಕಾಲಿಸ್‌ನ ಹುಸಿ ಎಳೆಯಲ್ಲಿ ಬುಡಕ್ಕೆ ದಾರ ಕಟ್ಟಿ ಬಿಗಿದ ಹಾಗೆ ಇರುತ್ತದೆ. ಕಾರಣ ಸೆಪ್ಟಿನ್ ಎಂಬ ಪ್ರೋಟೀನುಗಳ ಉಂಗುರ. ಮೊಗ್ಗಿನಲ್ಲಿ, ಹುಸಿ ಎಳೆಯಲ್ಲಿ ಕೋಶ ಇಬ್ಭಾಗವಾಗುವ ಜಾಗವನ್ನು ಅದು ಬುಡದಲ್ಲೇ ಗುರುತಿಸುತ್ತದೆ. ನಿಜವಾದ ಎಳೆಯಲ್ಲಿ ಆ ಜಾಗ ಕೊಳವೆಯ ಒಳಗೆ, ಸ್ವಲ್ಪ ಮುಂದೆ ಇರುತ್ತದೆ.

ಎಳೆ ಬಂತು ಅಂದರೆ ಬರೀ ಆಕಾರ ಬದಲಾಗಿಲ್ಲ. ಅದೇ ಜೀನುಗಳ ಗುಂಪಿನಿಂದ ಎಚ್‌ಡಬ್ಲ್ಯುಪಿ1 ಎಂಬ ಮೇಲ್ಮೈ ಪ್ರೋಟೀನೂ ಬರುತ್ತದೆ. ಅದನ್ನು ನಮ್ಮ ಬಾಯಿಯ ಜೀವಕೋಶದ ಕಿಣ್ವವೇ ತನ್ನ ಕೋಶಕ್ಕೆ ಬೆಸೆದುಕೊಡುತ್ತದೆ. ಇಸಿಇ1 ಜೀನಿನಿಂದ 31 ಅಮೈನೋ ಆಮ್ಲದ ಕ್ಯಾಂಡಿಡಾಲೈಸಿನ್ ಎಂಬ ವಿಷ ತಯಾರಾಗಿ ನಮ್ಮ ಜೀವಕೋಶಗಳಿಗೆ ತೂತು ಹಾಕುತ್ತದೆ. ಇದು ಗೊತ್ತಾದದ್ದು 2016ರಲ್ಲಿ.

ರಿಪೋರ್ಟ್ ಬರೆಯುವಾಗ ಸ್ವಲ್ಪ ಹುಷಾರು. ಪಾಸಿಟಿವ್ ಬಂದರೆ ಆಲ್ಬಿಕನ್ಸ್ ಇರಬಹುದು, 1995ರಲ್ಲಿ ಹೆಸರು ಪಡೆದ ಅದರ ಹತ್ತಿರದ ಜಾತಿ ಡಬ್ಲಿನಿಯೆನ್ಸಿಸ್ ಕೂಡ ಇರಬಹುದು. 45 ಡಿಗ್ರಿಯಲ್ಲಿ ಇಟ್ಟು ನೋಡಿ: ಆಲ್ಬಿಕನ್ಸ್ ಸಾಮಾನ್ಯವಾಗಿ ಬೆಳೆಯುತ್ತದೆ, ಡಬ್ಲಿನಿಯೆನ್ಸಿಸ್ ಬೆಳೆಯುವುದಿಲ್ಲ. ನೆಗೆಟಿವ್ ಬಂದರೆ ಪುಕ್ಕಟೆ ಸಮಾಧಾನ ಬೇಡ. ಔಷಧಿಗೆ ಜಗ್ಗದ ಕ್ಯಾಂಡಿಡಾ ಆರಿಸ್ ಕೂಡ ಈ ಟೆಸ್ಟಿನಲ್ಲಿ ನೆಗೆಟಿವ್ವೇ. ರಕ್ತದಿಂದ ಬಂದ ಸ್ಯಾಂಪಲ್ ಆದರೆ ಜಾತಿಗೆ ತಕ್ಕ ಬಣ್ಣ ತೋರಿಸುವ ಕ್ರೋಮ್ ಅಗಾರ್‌ಗೂ ಹಾಕಿ, ಯಾವ ಜಾತಿ ಅನ್ನುವುದು ತಿಳಿಯುವ ತನಕ ಫೈಲ್ ಮುಚ್ಚಬೇಡಿ. ಸ್ಲೈಡುಗಳನ್ನು ಹೈಪೋಕ್ಲೋರೈಟ್ ಡಬ್ಬಿಗೆ ಹಾಕಿ, ಟ್ಯೂಬುಗಳನ್ನು ಆಟೋಕ್ಲೇವ್‌ಗೆ ಕಳಿಸಿ.