ಅಂಡಮಾನ್‌ಗೆ ಹೋಗುವವರಿಗೆ: ನೀಲ್ ದ್ವೀಪ ಸುತ್ತಲು ಸೈಕಲ್ ಸಾಕು

ಅಂಡಮಾನ್ ಪ್ಯಾಕೇಜ್‌ಗಳ ದರ ನೋಡಿ ಹಿಂಜರಿಯುವವರು ತುಂಬಾ ಜನ. ನೀಲ್ ದ್ವೀಪದಲ್ಲಿ, ಅಂದರೆ ಈಗಿನ ಶಹೀದ್ ದ್ವೀಪದಲ್ಲಿ, ಒಂದು ರಾತ್ರಿಯಾದರೂ ಉಳಿಯಿರಿ. ಪೋರ್ಟ್ ಬ್ಲೇರ್‌ನ, ಅಂದರೆ ಈಗಿನ ಶ್ರೀ ವಿಜಯಪುರಂನ, ಫೀನಿಕ್ಸ್ ಬೇ ಜೆಟ್ಟಿಯಿಂದ ಸರ್ಕಾರಿ ಹಡಗು ಇದೆ. ಖಾಸಗಿ ಹಡಗಿಗಿಂತ ನಿಧಾನ, ಆದರೆ ಟಿಕೆಟ್ ಎಷ್ಟೋ ಅಗ್ಗ. ಬೇಗ ಖಾಲಿಯಾಗುತ್ತದೆ, ಮೊದಲೇ ಕಾದಿರಿಸಿ.

ದ್ವೀಪ ಪುಟ್ಟದು. ಸುಮ್ನೆ ಟ್ಯಾಕ್ಸಿಗೆ ದುಡ್ಡು ಯಾಕೆ? ಬಾಡಿಗೆ ಸೈಕಲ್ ಸಿಗುತ್ತದೆ. ಸೂರ್ಯೋದಯಕ್ಕೆ ಸೀತಾಪುರ ಕಡಲತೀರ, ಸೂರ್ಯಾಸ್ತಕ್ಕೆ ಲಕ್ಷ್ಮಣಪುರ ಕಡಲತೀರ. ಡಿಸೆಂಬರ್‌ನಲ್ಲಿ ಸಂಜೆ 5ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಮಧ್ಯಾಹ್ನ ಮಲಗಿಬಿಟ್ಟರೆ ತಪ್ಪಿಹೋಗುತ್ತದೆ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಲ್ಲಿನ ಕಲ್ಲಿನ ಸಹಜ ಸೇತುವೆ. ಇಳಿತದ ಸಮಯ ಕೇಳಿಕೊಂಡೇ ಹೋಗಿ. ನೀರು ಹಿಂದೆ ಸರಿದಾಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಸಣ್ಣ ಮೀನು, ಕಪ್ಪಗೆ ದಪ್ಪಗೆ ಬಿದ್ದಿರುವ ಸಮುದ್ರ ಸೌತೆ ಎಂಬ ಮೆತ್ತನೆಯ ಕಡಲ ಪ್ರಾಣಿ ಎಲ್ಲ ಕಾಣುತ್ತವೆ. ಮಕ್ಕಳಿಗಂತೂ ಹಬ್ಬ. ಮುಟ್ಟಬೇಡಿ, ನೋಡಿ ಅಷ್ಟೇ. ಬಂಡೆ ಚೂಪು, ಜಾರುತ್ತದೆ ಕೂಡ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ. ಹವಳದ ಚೂರನ್ನು ದಯವಿಟ್ಟು ಚೀಲಕ್ಕೆ ಹಾಕಬೇಡಿ, ಅದು ಕಾನೂನಿನ ಪ್ರಕಾರ ಅಪರಾಧ.