ಎತ್ತೋಕೆ ಮಾತ್ರ ಕರೆಯುತ್ತಿದ್ದರು

ಆಸ್ಪತ್ರೆಯ ವಾರ್ಡಿಗೆ ನರ್ಸ್ ಆಗಿ ಹೊಸದಾಗಿ ಸೇರಿದಾಗ ನನ್ನ ಹೆಸರಿಗಿಂತ ಜಾಸ್ತಿ ಕಿವಿಗೆ ಬೀಳುತ್ತಿದ್ದ ಮಾತು ಒಂದೇ: "ಬ್ರದರ್, ಸ್ವಲ್ಪ ಬನ್ನಿ, ಇವರನ್ನ ಎತ್ತಬೇಕು." ದಪ್ಪಗಿರುವ ಪೇಷಂಟ್ ಬಂದರೆ ನಾನು, ಗಲಾಟೆ ಮಾಡುವವರು ಬಂದರೆ ನಾನು, ಆಕ್ಸಿಜನ್ ಸಿಲಿಂಡರ್ ತಳ್ಳಬೇಕಾದರೂ ನಾನೇ. ಔಷಧಿ ಟ್ರಾಲಿ ಮಾತ್ರ ನನ್ನ ಕೈಗೆ ಬರುತ್ತಿರಲಿಲ್ಲ. ಇಷ್ಟು ಓದಿದ್ದು ಇದಕ್ಕಾ ಅಂತ ಸಿಟ್ಟು ಬರುತ್ತಿತ್ತು. ವರ್ಷ ತುಂಬುವುದರೊಳಗೆ ಸೊಂಟ ಹಿಡಿದುಕೊಂಡಿತು.

ಸರಿಯಾಗಿ ಕಲಿಸಿದವರು ಒಬ್ಬ ಹಿರಿಯ ಸಿಸ್ಟರ್. ಸಣ್ಣ ಮೈಕಟ್ಟಿನವರು. ಮೊದಲು ಬೆಡ್‌ನ ಬ್ರೇಕ್ ಹಾಕು, ಆಮೇಲೆ ನಿನ್ನ ಸೊಂಟದ ಮಟ್ಟಕ್ಕೆ ಏರಿಸು, ಪೇಷಂಟ್ ಮೈಕೆಳಗೆ ಅಡ್ಡಲಾಗಿ ಹಾಸಿರುವ ಡ್ರಾ ಶೀಟನ್ನು ಎರಡೂ ಕಡೆಯಿಂದ ಸುತ್ತಿ ಗಟ್ಟಿಯಾಗಿ ಹಿಡಿ, ಮೂರು ಎಣಿಸಿ ಇಬ್ಬರೂ ಒಟ್ಟಿಗೆ ಜಾರಿಸಿ. ಎತ್ತುವ ಮಾತೇ ಇಲ್ಲ! ಅಷ್ಟು ದಿನ ಸುಮ್ನೆ ತೋಳ್ಬಲ ತೋರಿಸಿ ಸೊಂಟ ಕೆಡಿಸಿಕೊಂಡಿದ್ದೆ.

ಹಾಗೆ ಒಂದು ರಾತ್ರಿ ಒಬ್ಬ ಅಜ್ಜನ ಮಗ್ಗುಲು ಬದಲಿಸುವಾಗ ಬೆನ್ನಿನ ತುದಿಯಲ್ಲಿ ಕೆಂಪು ಕಂಡಿತು. ಬೆರಳಿನಿಂದ ಒತ್ತಿ ಬಿಟ್ಟೆ. ರಕ್ತ ಸರಿಯಾಗಿ ಓಡುತ್ತಿದ್ದರೆ ಒತ್ತಿದ ಜಾಗ ಒಂದು ಕ್ಷಣ ಬಿಳಿಚಿಕೊಳ್ಳಬೇಕು. ಇದು ಬಿಳಿಚಲೇ ಇಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು, ಅಂದರೆ ಬೆಡ್ ಸೋರ್‌ನ ಮೊದಲ ಹಂತ. ಚಾರ್ಟ್‌ನಲ್ಲಿ ಬರೆದೆ, ಡ್ಯೂಟಿ ಬದಲಾಗುವಾಗ ಬಾಯಲ್ಲೂ ಹೇಳಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆವು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಡಿ ದಿಂಬು ಇಟ್ಟೆವು. ಚರ್ಮ ಒಡೆಯಲಿಲ್ಲ. ಆಮೇಲೆ ಎತ್ತಲು ಕರೆದರೆ ಬೇಜಾರಾಗುತ್ತಿರಲಿಲ್ಲ. ಅವರಿಗೆ ನನ್ನ ತೋಳು ಬೇಕಿತ್ತು, ನನಗೆ ಪೇಷಂಟ್ ಬೆನ್ನು ನೋಡಬೇಕಿತ್ತು. ಟ್ರಾಲಿಯೂ ನಿಧಾನಕ್ಕೆ ನನ್ನ ಕಡೆ ಬಂತು.

ಈಗ ನರ್ಸಿಂಗ್ ಓದಬೇಕು ಅಂತ ಹುಡುಗರು ಬಂದು ಮಾತಾಡಿಸುತ್ತಾರೆ. ಹೆಚ್ಚಿನವರಿಗೆ ಐಸಿಯು ಬೇಕು, ಎಮರ್ಜೆನ್ಸಿ ಬೇಕು. ಮಾನಿಟರ್ ಇರುವ ಕಡೆ ಕಣ್ಣು. ತಪ್ಪೇನಿಲ್ಲ, ನನಗೂ ಹಾಗೇ ಇತ್ತು. "ಇದು ಹೆಂಗಸರ ಕೆಲಸ ಅಲ್ವಾ ಸರ್?" ಅಂತಲೂ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯ ಪ್ರಕಾರ ನರ್ಸ್‌ಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಹೆಂಗಸರೇ. ಆದರೆ ಗಂಡಸರಿಗೆ ಬಾಗಿಲು ಹಾಕಿದ್ದೂ ಉಂಟು. ಅಮೆರಿಕದ ಸೇನೆಯ ನರ್ಸ್ ದಳ ಶುರುವಾಗಿದ್ದು 1901ರಲ್ಲಿ, ಗಂಡಸರನ್ನು ಸೇರಿಸಿಕೊಂಡಿದ್ದು 1955ರಲ್ಲಿ. ಅದಕ್ಕೂ ಎಷ್ಟೋ ಮೊದಲು, 16ನೇ ಶತಮಾನದ ಇಟಲಿಯಲ್ಲಿ, ಕ್ಯಾಮಿಲಸ್ ಅನ್ನುವ ಮಾಜಿ ಸೈನಿಕ ಗಂಡಸರ ಗುಂಪು ಕಟ್ಟಿಕೊಂಡು ರೋಗಿಗಳ ಸೇವೆ ಮಾಡಿದ್ದ. ಜೂಜಾಡಿ ಎಲ್ಲ ಕಳೆದುಕೊಂಡಿದ್ದ ಆಸಾಮಿ ಅವನು!

ಇನ್ನೊಂದು ಪ್ರಶ್ನೆಯನ್ನು ದನಿ ತಗ್ಗಿಸಿ ಕೇಳುತ್ತಾರೆ. ಹೆಂಗಸರ ಆರೈಕೆ ಹೇಗೆ? ನಾನು ಮಾಡುವುದು ಇಷ್ಟೇ. ಮುಟ್ಟುವ ಮೊದಲು ಏನು ಮಾಡುತ್ತೇನೆ ಅಂತ ಹೇಳಿ, ಆಗಬಹುದಾ ಅಂತ ಕೇಳುತ್ತೇನೆ. ಪರದೆ ಎಳೆಯುತ್ತೇನೆ, ಬೇಕಾದಷ್ಟೇ ಭಾಗದ ಹೊದಿಕೆ ಸರಿಸುತ್ತೇನೆ, ಜೊತೆಗೊಬ್ಬ ಸಿಸ್ಟರ್ ಇರುವಂತೆ ನೋಡಿಕೊಳ್ಳುತ್ತೇನೆ. ಬೇಡ ಅಂದರೆ ಆ ಕೆಲಸ ಸಿಸ್ಟರ್‌ಗೆ ಕೊಟ್ಟು, ಅವರದೊಂದು ಕೆಲಸ ನಾನು ತಗೊಳ್ಳುತ್ತೇನೆ. ಮೊದಮೊದಲು "ಬೇಡ" ಅಂದಾಗ ಮುಖ ಸಪ್ಪಗಾಗುತ್ತಿತ್ತು. ಗಂಡಸು ಪೇಷಂಟ್‌ಗಳೂ ಎಷ್ಟೋ ಸಲ ನನ್ನನ್ನೇ ಬೇಕು ಅಂತ ಕೇಳುತ್ತಾರೆ, ಅದೂ ಇದೂ ಒಂದೇ ಅಲ್ವಾ?

ಮೊನ್ನೆ ಟ್ರೈನಿಂಗ್‌ಗೆ ಇಬ್ಬರು ಹುಡುಗರು ಬಂದರು. ಒಳ್ಳೇ ಗಟ್ಟಿಮುಟ್ಟು. ನಾನು ಬಾಯಿ ಬಿಡುವ ಮೊದಲೇ ಆ ಕಡೆಯ ಬೆಡ್‌ನಿಂದ ಯಾರೋ ಕೂಗಿದರು, "ಬ್ರದರ್, ಸ್ವಲ್ಪ ಎತ್ತಬೇಕಿತ್ತು!" ಇಬ್ಬರೂ ಓಡಿದರು. ನಾನೂ ಹಿಂದೆಯೇ ಹೋದೆ, ಬೆಡ್ ಏರಿಸುವುದನ್ನು ತೋರಿಸೋಕೆ.